ಗ್ಯಾದರಿಂಗಿನ ಮಂದಿ

ಶಾಲೆಯ ವಾರ್ಷಿಕೋತ್ಸವಕ್ಕೆ, ನಮ್ಮ ಕಡೆಯ ಮಾತಿನಲ್ಲಿ ಗ್ಯಾದರಿಂಗಿಗೆ, ನಾಟಕ ಆರಿಸುವಾಗ ಕಥೆ ಚೆನ್ನಾಗಿದೆಯೋ ಇಲ್ಲವೋ ಎಂದು ಯಾರೂ ನೋಡುವುದಿಲ್ಲ. ಅದರಲ್ಲಿ ಎಷ್ಟು ಹುಡುಗರು ಹಿಡಿಸುತ್ತಾರೆ ಎಂದು ನೋಡಬೇಕು. ಇದನ್ನು ಉಜ್ವಲಾ ಟೀಚರು ಹೋದ ವರ್ಷ ಬೈಗುಳ ತಿಂದು ಕಲಿತಿದ್ದಳು. ಆರೇ ಪಾತ್ರಗಳ ಅಚ್ಚುಕಟ್ಟಾದ ನಾಟಕವೊಂದನ್ನು ಆಡಿಸಿದ್ದಳು ಪಾಪ. ಪರದೆ ಬಿದ್ದ ಮೇಲೆ ಚಪ್ಪಾಳೆಗಿಂತ ಮೊದಲು ಬಂದದ್ದು ತಾಯಂದಿರ ದಂಡು. "ನಮ್ಮ ಹುಡುಗಗ ನಾಲಿಗಿ ಇಲ್ಲೇನ್ರಿ?" ಎಂದು ಒಬ್ಬಳು, "ಮಾರಿ ನೋಡಿ ಪಾರ್ಟ ಕೊಡ್ತೀರೇನ?" ಎಂದು ಇನ್ನೊಬ್ಬಳು. ಕುರ್ಚಿ ಎತ್ತಿದವರೂ ಇದ್ದರು. ರಾಯಬಾಗದ ಸೀಮೆಯವರಿಗೆ ಸಿಟ್ಟನ್ನು ಮನೆಗೆ ಒಯ್ದು ಆರಿಸಿಕೊಳ್ಳುವ ರೂಢಿಯಿಲ್ಲ, ಬಂದಲ್ಲಿಯೇ ಇಳಿಸಿ ಹೋಗುತ್ತಾರೆ.

ಅಷ್ಟು ಗದ್ದಲದಲ್ಲೂ ತುಟಿ ಬಿಚ್ಚದೆ ನಿಂತಿದ್ದವಳು ಮನಿಷಾ, ಕುರಿ ಕಾಯುವ ಜಕ್ಕಪ್ಪನ ಮಗಳು. ಐದನೆಯ ತರಗತಿಯ ಆ ಹುಡುಗಿಗೆ ಸಿಕ್ಕಿದ್ದು ಪರದೆಯ ಹಗ್ಗ ಎಳೆಯುವ ಕೆಲಸ. ನಾಟಕ ನಡೆದಾಗ ಹಗ್ಗ ಹಿಡಿದುಕೊಂಡೇ ಆರೂ ಮಂದಿಯ ಮಾತನ್ನು ತುಟಿಯಲ್ಲಿ ತಾನೇ ಆಡುತ್ತಿದ್ದುದನ್ನು ಉಜ್ವಲಾ ನೋಡಿದ್ದಳು. ಕುರ್ಚಿಗಳ ಸದ್ದು ಅಡಗಿದ ಮೇಲೆ ಅವಳ ತಲೆಯ ಮೇಲೆ ಕೈಯಿಟ್ಟು, "ಬರೂ ವರ್ಷ ಮದಲನೇ ಪಾರ್ಟ ನಿಂದ. ಮಾತ ಕೊಟ್ಟೇನಿ ನೋಡು" ಎಂದಳು.

ಹುಡುಗಿ ಆ ಮಾತನ್ನು ಮನೆಗೆ ಒಯ್ದಳು. ಜಕ್ಕಪ್ಪ ಪ್ರತಿ ವರ್ಷ ದೀಪಾವಳಿ ಮುಗಿದ ಕೂಡಲೇ ಕುರಿ ಹೊಡೆದುಕೊಂಡು ಹೆಂಡತಿ ಮಕ್ಕಳ ಸಮೇತ ದೂರ ಹೊರಟುಬಿಡುವವನು. ಹೋದ ವರ್ಷದ ಗ್ಯಾದರಿಂಗು ದೀಪಾವಳಿಗೆ ಮೊದಲೇ ಆಗಿತ್ತು, ಈ ವರ್ಷ ಅದು ಮುಂದೆ ಹೋದರೂ ಅವನು ಹೊರಡಲಿಲ್ಲ. "ಮಗಳದು ಮದಲನೇ ಪಾರ್ಟ ಐತಿ, ಮುಗಿಸಿ ಹೋಗೂಣು" ಎಂದು ಹೆಂಡತಿ ಸಕ್ಕುಬಾಯಿಗೆ ಹೇಳಿ, ಊರ ಪಕ್ಕದಲ್ಲೇ ಕಬ್ಬು ಕಡಿದ ಹೊಲವೊಂದರಲ್ಲಿ ಗೊಬ್ಬರಕ್ಕೆಂದು ಸುತ್ತ ಬಲೆ ಕಟ್ಟಿ ಕುರಿ ತರುಬಿದ. ಆ ಹೊಲ ರುಕ್ಮವ್ವನದು.

ರುಕ್ಮವ್ವ ಯಾರು ಎಂದು ಆ ಊರಲ್ಲಿ ಕೇಳಿದರೆ ನಿಮ್ಮನ್ನೇ ಮೇಲೆ ಕೆಳಗೆ ನೋಡುತ್ತಾರೆ. ಕಬ್ಬು, ದ್ರಾಕ್ಷಿ ಎರಡೂ ಇರುವ ಮನೆ. ಶಾಲೆಗೆ ಜಾಗ ಕೊಟ್ಟದ್ದು ಆಕೆಯ ಮಾವ. ಆತ ತೀರಿ ಎಷ್ಟೋ ಕಾಲವಾದರೂ ಆ ಜಾಗದ ಮೇಲೆ ನಡೆಯುವುದೆಲ್ಲ ತನ್ನನ್ನು ಕೇಳಿಯೇ ನಡೆಯಬೇಕು ಎಂದು ಆಕೆ ನಂಬಿದ್ದಳು, ಹೆಡ್ ಮಾಸ್ತರ ಜಿನ್ನಪ್ಪನವರೂ ನಂಬಿದ್ದರು. ಸಾಲದ್ದಕ್ಕೆ ಉಜ್ವಲಾ ಆಕೆಯ ಸೊಸೆ, ಅದೇ ಶಾಲೆಯಲ್ಲಿ ಓದುವ ಉಜ್ವಲಾಳ ಮಗಳು ಸ್ನೇಹಲ ಆಕೆಯ ಮೊಮ್ಮಗಳು. ಇನ್ನು ಕೇಳಬೇಕೇ!

ಈ ವರ್ಷ ಗ್ಯಾದರಿಂಗ್ ಹತ್ತಿರ ಬಂದಾಗ ಉಜ್ವಲಾ ಚಿಕ್ಕೋಡಿಯ ಪುಸ್ತಕದ ಅಂಗಡಿಯಲ್ಲಿ ನಿಂತು ನಾಟಕಗಳನ್ನು ತಿರುವಿದಳು. ಕಥೆ ಓದಲೇ ಇಲ್ಲ, ಪಾತ್ರಗಳ ಪುಟವನ್ನಷ್ಟೇ ನೋಡುತ್ತ ಹೋದಳು. ಒಂದರಲ್ಲಿ ಗಂಡ, ಹೆಂಡತಿ, ವೈದ್ಯ. ಇನ್ನೊಂದರಲ್ಲಿ ರಾಜ, ಮಂತ್ರಿ, ಇಬ್ಬರು ಸೇವಕರು. ಇಡೀ ಶಾಲೆಯ ಹುಡುಗರನ್ನು ಇಬ್ಬರು ಸೇವಕರಲ್ಲಿ ಹೇಗೆ ತುರುಕುವುದು? ಕೊನೆಗೆ ಕೈಗೆ ಬಂದ ತೆಳ್ಳನೆಯ ಪುಸ್ತಕವೊಂದರಲ್ಲಿ ಪಾತ್ರಗಳು ಎರಡೇ ಸಾಲಿನಲ್ಲಿ ಮುಗಿದಿದ್ದವು. 'ಕಾಯುವವಳು: ಒಬ್ಬಳು. ಮಂದೆ: ಎಷ್ಟು ಮಕ್ಕಳಿದ್ದರೂ ನಡೆದೀತು.'

ಎಷ್ಟು ಮಕ್ಕಳಿದ್ದರೂ! ಉಜ್ವಲಾಳಿಗೆ ಆ ಪುಸ್ತಕ ಬರೆದವರ ಕಾಲು ಮುಟ್ಟಬೇಕೆನ್ನಿಸಿತು.

ಇಲ್ಲಿಯೇ ಅವಳು ಎಡವಿದ್ದು. ನಮ್ಮ ಕಡೆ ಪುಸ್ತಕದಲ್ಲಿ ಮನೆ ಎಂದಿದ್ದರೆ ಬಾಯಲ್ಲಿ ಅದು ಮನಿ. ಶಾಲೆ ಸಾಲಿ, ಕುದುರೆ ಕುದುರಿ. ಉಜ್ವಲಾ ನಿಪ್ಪಾಣಿಯಲ್ಲಿ ಏಳನೆಯ ತರಗತಿಯ ತನಕ ಮರಾಠಿ ಶಾಲೆಯಲ್ಲಿ ಓದಿ, ಆಮೇಲೆ ಕನ್ನಡಕ್ಕೆ ಬಂದವಳು. ಪುಸ್ತಕದ 'ಎ' ಎಲ್ಲ ನಮ್ಮ ಬಾಯಲ್ಲಿ 'ಇ' ಎಂಬ ಒಂದೇ ಲೆಕ್ಕ ಹಿಡಿದುಕೊಂಡು ಪರೀಕ್ಷೆಗಳನ್ನೆಲ್ಲ ಪಾಸಾದವಳು. ಮಂದೆ ಎಂದು ಕಂಡ ಕೂಡಲೇ ಅವಳ ತಲೆ ಅದನ್ನು ಮಂದಿ ಮಾಡಿಕೊಂಡಿತು. ಮಂದಿ ಎಂದರೆ ಜನ, ಊರವರು. ಒಳಗೆ ಒಂದೆರಡು ಪುಟ ತಿರುವಿದರೆ 'ಮಂದೆಗೆ ಹಸಿವಾಗಿದೆ', 'ಮಂದೆಗೆ ನೀರಿಲ್ಲ', 'ಮಂದೆ ದಾರಿ ತಪ್ಪಿದೆ' ಎಂದೆಲ್ಲ ಇತ್ತು. ಭಲೇ, ಜನರ ಕಷ್ಟ ಹೇಳುವ ನಾಟಕ! ಬಸ್ಸಿನ ಹೊತ್ತಾಗಿತ್ತು. ಪುಸ್ತಕ ಕೊಂಡು ಓಡಿದಳು.

ಊರಿಗೆ ಬಂದು ಇಳಿದರೆ ಅತ್ತೆ ಆಗಲೇ ಶಾಲೆಯಲ್ಲಿ ಪಾಲಕರ ಮೀಟಿಂಗು ಕೂಡಿಸಿಬಿಟ್ಟಿದ್ದಳು. ಉಜ್ವಲಾಳಿಗೆ ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕಿರಲಿಲ್ಲ, ಪುಸ್ತಕ ತೆರೆದಿರಲಿಲ್ಲ. ಚೀಲ ಹೆಗಲಿಂದ ಇಳಿಸುವುದಕ್ಕೂ ಬಿಡದೆ, "ಹೇಳವಾ, ಈ ಸಲ ಯಾರ್ಯಾರ್ನ ಬಿಟ್ಟಿ?" ಎಂದಳು ರುಕ್ಮವ್ವ.

"ಯಾರ್ನೂ ಬಿಟ್ಟಿಲ್ರಿ ಅತ್ತಿ" ಎಂದು ಉಜ್ವಲಾ ಹೆಮ್ಮೆಯಿಂದಲೇ ಹೇಳಿದಳು. "ಈ ನಾಟಕದಾಗ ಎಲ್ಲಾ ಹುಡುಗ್ರೂ ಸ್ಟೇಜ್ ಹತ್ತತಾರ. ಎಲ್ಲಾರೂ ಮಂದಿ."

ಸಭೆ ತಣ್ಣಗಾಯಿತು. ಕಬ್ಬಿನ ದುಂಡೇಶ ಮೀಸೆ ಸವರಿಕೊಂಡ. "ಮಂದಿ ಅಂದ್ರ ಊರ ಹಿರ್ಯಾರು. ನಮ್ಮ ಅಮೋಲಗ ಕೊಲ್ಲಾಪುರದಿಂದ ತೆಲಿಗೆ ಸುತ್ತೂ ಪಟಕಾ ತರಿಸ್ತೇನಿ ಹಂಗಾರ" ಎಂದ. ಒಬ್ಬಳು ಮಗಳಿಗೆ ಇಳಕಲ್ ಸೀರೆ ಉಡಿಸುತ್ತೇನೆಂದಳು. ರುಕ್ಮವ್ವ ಮಾತ್ರ ಬೆರಳೆತ್ತಿದಳು. "ಅದಿರ್ಲಿ. ಮದಲನೇ ಪಾರ್ಟ ಯಾವದ?"

"ಮಂದೀನ್ನ ಕಾಯೂವಾಕಿ ಅಂತ."

"ಮಂದಿ ಕಾಯೂವಾಕಿ ಅಂದ್ರ ರಾಣಿ ಇದ್ಹಂಗಾತು. ಅದು ನಮ್ಮ ಸ್ನೇಹಲಗ. ಮುಂದಿಂದು ಹೇಳು."

"ಅತ್ತಿ, ಅದನ್ನ ನಾ ಮನಿಷಾಗ ಕೊಡ್ತೀನಂತ…"

"ಯಾವ ಮನಿಷಾ?"

"ಜಕ್ಕಪ್ಪನ ಮಗಳ್ರಿ."

ಜಕ್ಕಪ್ಪ ಬಾಗಿಲ ಬಳಿ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಕೂತಿದ್ದ. ರುಕ್ಮವ್ವ ಅವನ ಕಡೆ ತಿರುಗಿ ಕೂಡ ನೋಡಲಿಲ್ಲ. "ಜಕ್ಕಪ್ಪನ ಮಗಳು ಈ ಊರಿಗೆ ರಾಣಿ! ಯಾಕ, ನಾವೆಲ್ಲಾ ಊರ ಬಿಟ್ಟ ಹೋಗೇವೇನ?" ಎಂದಳು. ಎಲ್ಲರೂ ನಕ್ಕರು. ಜಕ್ಕಪ್ಪ ಉಜ್ವಲಾಳನ್ನೇ ನೋಡಿದ. ಅವಳು ಪುಸ್ತಕದ ರಟ್ಟನ್ನು ನೋಡುತ್ತ ನಿಂತಳು.

ಅಂದು ಸಂಜೆ ಅಡುಗೆಮನೆಯಲ್ಲಿ ಒಲೆಯ ಮುಂದೆ ಕೂತು ಅವಳು ನಾಟಕವನ್ನು ಮೊದಲ ಸಲ ಸರಿಯಾಗಿ ಓದಿದಳು. ಎರಡನೆಯ ಪುಟದಲ್ಲಿ ಕಣ್ಣು ನಿಂತಿತು. 'ಕಾಯುವವಳು ಕೋಲು ಎತ್ತುತ್ತಾಳೆ. ಮಂದೆ ಬ್ಯಾ ಎನ್ನುತ್ತದೆ.' ಇನ್ನೊಮ್ಮೆ ಓದಿದಳು. ಮಂದಿ ಯಾಕೆ ಬ್ಯಾ ಎಂದೀತು? ಅಯ್ಯೋ ದೇವರೇ! ಮಂದೆ ಎಂದರೆ ಮಂದೆಯೇ, ಕುರಿಯ ಹಿಂಡು! ಉಜ್ವಲಾ ಸೆರಗು ಬಾಯಿಗೆ ತುರುಕಿಕೊಂಡು ನಕ್ಕಳು. ದುಂಡೇಶನ ಮಗ ಕೊಲ್ಲಾಪುರದ ಪಟಕಾ ಸುತ್ತಿಕೊಂಡು ಬ್ಯಾ ಎನ್ನುವುದನ್ನು ನೆನೆದು ಇನ್ನಷ್ಟು ನಕ್ಕಳು. ನಗು ನಿಂತಾಗ ಒಂದು ಸಂಗತಿ ಹೊಳೆಯಿತು. ಈ ನಾಟಕದಲ್ಲಿ ರಾಣಿಯೇ ಇಲ್ಲ, ಇರುವವಳು ಕುರಿ ಕಾಯುವ ಹುಡುಗಿ. ಅತ್ತೆ ತಾನಾಗಿಯೇ ಈ ಪಾರ್ಟನ್ನು ಒದ್ದು ಹಾಕುತ್ತಾಳೆ.

ಅವಳೆಣಿಸಿದಂತೆಯೇ ಆಯಿತು. ಮುಂಜಾನೆ ವಿಷಯ ಕೇಳಿದ್ದೇ ತಡ, ರುಕ್ಮವ್ವ ಚಹಾದ ಬಸಿ ಕೆಳಗಿಟ್ಟಳು. "ಛೀ! ನನ್ನ ಮೊಮ್ಮಗಳು ಕೋಲ ಹಿಡದು ಕುರಿ ಕಾಯೂದ? ಅದು ಜಕ್ಕಪ್ಪನ ಮಗಳಿಗೇ ತಕ್ಕದ್ದು, ಅಕಿಗೇ ಕೊಡು." ಸ್ನೇಹಲ ಹಾಗಾದರೆ ಏನಾಗುತ್ತಾಳೆಂದು ರುಕ್ಮವ್ವ ಕೇಳಲಿಲ್ಲ. ಉಜ್ವಲಾ ಹೇಳಲೂ ಇಲ್ಲ.

ಆಮೇಲಿನ ಕೆಲವು ದಿನ ಶಾಲೆ ಶಾಲೆಯಂತಿರಲಿಲ್ಲ. ಮನಿಷಾ ಮಾತುಗಳನ್ನೆಲ್ಲ ಬಾಯಿಪಾಠ ಮಾಡಿದಳು. ಅವಳ ದನಿ ಅಂಗಳ ದಾಟಿ ರಸ್ತೆಗೆ ಕೇಳುತ್ತಿತ್ತು. 'ಎಲ್ಲಿ ಹೋದಿರಿ ನನ್ನವರೇ, ಕತ್ತಲಾಗುತ್ತ ಬಂತು' ಎಂದು ಅವಳು ಕೂಗಿದರೆ ಬೇವಿನ ಮರದ ಸುತ್ತ ಕೂತ ಹುಡುಗರೆಲ್ಲ ಕೈಕಾಲೂರಿ ಬ್ಯಾ ಎನ್ನುತ್ತ ಓಡಿ ಬರುತ್ತಿದ್ದರು. ಮಕ್ಕಳಿಗೆ ಅದೆಂಥ ಖುಷಿ! ಮಾತಿಲ್ಲ, ಮರೆಯುವ ಭಯವಿಲ್ಲ, ಕಿರುಚಿದಷ್ಟೂ ಒಳ್ಳೆಯದು. ಸ್ನೇಹಲ ಎಲ್ಲರಿಗಿಂತ ಮುಂದಿನ ಕುರಿ. ತಾನು ಆರಿಸಿದ ನಾಟಕ ಇದೇ ಎಂದು ಉಜ್ವಲಾಳಿಗೆ ಎದೆ ತುಂಬಿ ಬರುತ್ತಿತ್ತು.

ಕೆಟ್ಟದ್ದು ಊಟದ ಹೊತ್ತಿಗೆ. ಸ್ನೇಹಲ ಕೈಯಲ್ಲಿ ರೊಟ್ಟಿ ಹಿಡಿದುಕೊಂಡು ಒಮ್ಮೆಲೇ "ಬ್ಯಾ…" ಎಂದಳು.

"ಏನಬೇ ಅದು?" ಎಂದಳು ರುಕ್ಮವ್ವ.

"ಆಯಿ, ನಾ ಕುರಿ. ಮನಿಷಾ ಕೋಲ ಎತ್ತಿದ್ರ ನಾ ಓಡಿಹೋಗಿ ಅಕಿ ಕಾಲಾಗ ಕುಂದರಬೇಕು. ಟೀಚರ್… ಅವ್ವ ಕಲಿಸ್ಯಾಳ."

ರುಕ್ಮವ್ವ ಕೈ ತೊಳೆದಳು. ಊಟ ಅರ್ಧಕ್ಕೆ ಬಿಟ್ಟು ಕೈ ತೊಳೆದರೆ ಆ ಮನೆಯಲ್ಲಿ ಯಾರೂ ಉಸಿರೆತ್ತುತ್ತಿರಲಿಲ್ಲ. "ನಮ್ಮ ಹೊಲದಾಗ ಕುರಿ ತರುಬಿದಾವನ ಮಗಳ ಕಾಲಾಗ ನನ್ನ ಮೊಮ್ಮಗಳು ಕುಂದರೂದ? ಮತ್ತ ಅದನ್ನ ಹೆತ್ತ ತಾಯಿ ಕಲಿಸೂದ? ನೀ ನಿಪ್ಪಾಣಿಯಿಂದ ಏನ ಹೊತಗೊಂಡ ಬಂದೀ ಅಂತ ಈಗ ತಿಳೀತ ನೋಡು."

"ಅತ್ತಿ, ನಾಟಕ ಐತ್ರಿ ಅದು…"

"ಊರ ಮುಂದ ಆಗೂದು ಯಾವದೂ ನಾಟಕ ಅಲ್ಲ."

ಮರುದಿನ ಶಾಲೆಯ ಅಂಗಳ ತುಂಬ ಪಾಲಕರು. ರುಕ್ಮವ್ವ ಜಕ್ಕಪ್ಪನೊಬ್ಬನನ್ನು ಬಿಟ್ಟು ಮನೆಮನೆಗೆ ಹೇಳಿ ಕಳಿಸಿದ್ದಳು. ದುಂಡೇಶ ಪಟಕಾ ಕೈಯಲ್ಲೇ ಹಿಡಿದು ಬಂದಿದ್ದ. "ಮಂದಿ ಅಂದ್ರಿ, ಪಟಕಾ ತರಿಸಿದ್ವಿ. ಈಗ ಕುರಿ ಅಂತೀರಿ. ಇದನ್ನ ಕುರಿ ತೆಲಿಗೆ ಸುತ್ತಲೇನ್ರಿ?" ಎಂದು ಉಜ್ವಲಾಳ ಮುಖದ ಮುಂದೆ ಆಡಿಸಿದ. ಪುಸ್ತಕದಲ್ಲಿ ಮಂದೆ ಎಂದಿದೆ, ನಾನು ಮಂದಿ ಎಂದು ಓದಿದೆ ಎಂದು ಅವಳು ಬಿಡಿಸಿ ಹೇಳಿದಳು. ಯಾರು ಕೇಳುತ್ತಾರೆ! "ಟೀಚರಿಗೇ ಓದಾಕ ಬರೂದಿಲ್ಲ" ಎಂದು ಹಿಂದಿನಿಂದ ಯಾರೋ ಕೂಗಿದರು. ಜಿನ್ನಪ್ಪನವರು ಕನ್ನಡಕ ತೆಗೆದು ಒರೆಸುತ್ತಲೇ ಇದ್ದರು.

ರುಕ್ಮವ್ವ ನೇರವಾಗಿ ಮನಿಷಾಳ ಹತ್ತಿರ ನಡೆದಳು. ಹುಡುಗಿಯ ಕೈಯಲ್ಲಿದ್ದ ಕೋಲು ಕಸಿದುಕೊಂಡು ಸ್ನೇಹಲಳ ಕೈಗೆ ಕೊಟ್ಟಳು. "ಪುಸ್ತಕದಾಗ ಏನರ ಇರ್ಲಿ. ನಮ್ಮ ಬಾಯಾಗ ಮಂದಿ ಐತಿ, ಮಂದೀನ ಇರ್ತೈತಿ. ನಮ್ಮ ಹುಡುಗ್ರು ಪಟಕಾ ಸುತಗೊಂಡು ಮಂದಿ ಆಗ್ಲಿ. ನಮ್ಮ ಸ್ನೇಹಲ ರಾಣಿ. ಕುರಿ ಬೇಕೇ ಬೇಕು ಅಂದ್ರ ಒಂದ ಇರ್ಲಿ, ಇಕಿ ಆಗ್ಲಿ" ಎಂದು ಮನಿಷಾಳ ಕಡೆ ಗದ್ದ ಎತ್ತಿ ತೋರಿಸಿದಳು.

"ಛಲೋ ಆತ್ರಿ, ಛಲೋ ಆತು" ಎಂದರು ಜಿನ್ನಪ್ಪನವರು. ಎಲ್ಲರ ಕಣ್ಣೂ ಉಜ್ವಲಾಳ ಮೇಲೆ. ಇಲ್ಲ ಎನ್ನಬೇಕಿತ್ತು. ಎರಡಕ್ಷರ, ಅಷ್ಟೇ. ಅತ್ತೆಯ ಮನೆಗೆ ಸಂಜೆ ಮರಳಬೇಕಲ್ಲ ಎಂಬುದು ನೆನಪಾಯಿತು. ಗಂಡ ಯಾವಾಗಲೂ ಯಾರ ಪಕ್ಕ ನಿಲ್ಲುತ್ತಾನೆಂಬುದೂ ನೆನಪಾಯಿತು.

"ಆತ್ರಿ" ಎಂದಳು.

ಪಾಲಕರು ಹೋದ ಮೇಲೆ ಮನಿಷಾ ಬಂದು ಎದುರಿಗೆ ನಿಂತಳು. "ಟೀಚರ್, ನನ್ನ ಮಾತು?"

"ಕುರಿಗೆ ಮಾತ ಇರೂದಿಲ್ಲವಾ" ಎಂದು ಉಜ್ವಲಾ ಬೇರೆಲ್ಲೋ ನೋಡುತ್ತ ಹೇಳಿದಳು. ಹಾಗೆ ಹೇಳಿದ ತನ್ನ ನಾಲಗೆಯನ್ನು ಆಮೇಲೆ ಎಷ್ಟು ಶಪಿಸಿಕೊಂಡರೇನು ಬಂತು, ಹುಡುಗಿ ಕೇಳಿಯಾಗಿತ್ತು.

ಮನಿಷಾ ಮನೆಯಲ್ಲಿ ಏನೂ ಹೇಳಲಿಲ್ಲ. ಪಾರ್ಟ ಹೇಗೆ ನಡೆದಿದೆ ಎಂದು ಅಪ್ಪ ಕೇಳಿದರೆ ಛಲೋ ನಡೆದಿದೆ ಎನ್ನುತ್ತಿದ್ದಳಂತೆ. ಗ್ಯಾದರಿಂಗಿನ ದಿನ ಇಳಿಹೊತ್ತಿಗೇ ಜಕ್ಕಪ್ಪ ಒಗೆದ ಧೋತರ ಉಟ್ಟು, ಕಂಬಳಿ ಹೆಗಲಿಗೇರಿಸಿ ಬಂದು ಮುಂದಿನ ಸಾಲಿನಲ್ಲಿ ಕೂತ. ಅದು ಗಣ್ಯರ ಸಾಲು ಎಂದು ಎಬ್ಬಿಸಿದರು. ಎದ್ದು ಪಕ್ಕದಲ್ಲಿ ನಿಂತ. ಕುರಿ ಬಿಟ್ಟು ಇಬ್ಬರೂ ಬರುವಂತಿರಲಿಲ್ಲ. ಮೈಕಿನಲ್ಲಿ ಮಗಳ ದನಿ ಕೇಳಿದರೆ ಸಾಕೆಂದು ಸಕ್ಕುಬಾಯಿ ಹೊಲದಲ್ಲೇ ಉಳಿದಿದ್ದಳು.

ನಾಟಕ ಶುರುವಾಯಿತು. ಪಟಕಾ, ಇಳಕಲ್ ಸೀರೆ, ಕಪ್ಪು ಕನ್ನಡಕ, ಅಂಟಿಸಿದ ಮೀಸೆ, ಸ್ಟೇಜಿನ ಮೇಲೆ ಕಾಲಿಡಲು ಜಾಗವಿಲ್ಲದಷ್ಟು ಮಂದಿ. ಒಬ್ಬೊಬ್ಬ ಬಂದಾಗಲೂ ಅವರವರ ಮನೆಯವರ ಸಿಳ್ಳೆ. ನಡುವೆ ಸ್ನೇಹಲ ಕಿರೀಟ ಇಟ್ಟುಕೊಂಡು ಸಣ್ಣ ದನಿಯಲ್ಲಿ ಏನೋ ಹೇಳುತ್ತಿದ್ದಳು, ಮೈಕಿಗೂ ಕೇಳುತ್ತಿರಲಿಲ್ಲ. ಅವಳ ಕಾಲ ಬಳಿ ಬಿಳಿಯ ಚಾದರ ಹೊದ್ದುಕೊಂಡು, ಕೈಕಾಲೂರಿ, ತಲೆ ಬಗ್ಗಿಸಿಕೊಂಡು ಒಂದು ಕುರಿ. ಅದು ಬ್ಯಾ ಎನ್ನಲೂ ಇಲ್ಲ.

ಚಾದರದ ಅಂಚಿನಿಂದ ಹೊರಬಿದ್ದ ಜಡೆಯನ್ನು ಜಕ್ಕಪ್ಪ ಗುರುತು ಹಿಡಿದ. ಆಮೇಲೆ ಸಾಲುಗಳ ನಡುವೆ ನಡೆದು, ಮೆಟ್ಟಿಲು ಹತ್ತಿ, ಮಂದಿಯನ್ನು ಸರಿಸಿ ಒಳಗೆ ಹೋದ. ಬಗ್ಗಿ ಚಾದರ ಎತ್ತಿ ಬಿಸಾಡಿದ. ಮಗಳನ್ನು ಎಬ್ಬಿಸಿ ನಿಲ್ಲಿಸಿ, ಮೊಣಕಾಲ ಧೂಳು ಕೊಡವಿ, "ನಡಿ ಮನಿಗೆ" ಎಂದ. ಮೈಕು ಅಲ್ಲೇ ಇತ್ತು. ಇಡೀ ನಾಟಕದಲ್ಲಿ ಊರಿಗೆ ಸರಿಯಾಗಿ ಕೇಳಿದ ಮಾತು ಅದೊಂದೇ. ಕೈ ಹಿಡಿದುಕೊಂಡು ಇಳಿದು ಇಬ್ಬರೂ ಗೇಟು ದಾಟಿದರು.

ಅಯ್ಯಯ್ಯೋ, ಆ ಚಪ್ಪಾಳೆ! ಪೆಂಡಾಲು ಹಾರಿಹೋಗುವಂತಿತ್ತು. "ಖರೇ ಕುರಿ ಕಾಯಾವನ್ನ ತಂದು ಪಾರ್ಟ ಮಾಡಿಸ್ಯಾರ ನೋಡ್ಲೇ!" ಎಂದು ದುಂಡೇಶ ತೊಡೆ ತಟ್ಟಿದ. ರುಕ್ಮವ್ವ ಕೂಡ ಕೂತಲ್ಲಿಂದಲೇ ಸ್ಟೇಜಿನ ಬದಿಗೆ ನಿಂತಿದ್ದ ಸೊಸೆಯ ಕಡೆ ತಿರುಗಿ, "ಇದನ್ನ ಮದಲ ಹೇಳಬಾರದಿತ್ತೇನ? ಛಲೋ ಮುಗಿಸೀದಿ" ಎಂದಳು. ಜಿನ್ನಪ್ಪನವರು ಶಾಲು ಹಿಡಿದು ಮೈಕಿನ ಮುಂದೆ ಬಂದು, ಕುರಿ ಕಾಯುವವನ ಪಾತ್ರ ಮಾಡಿದ ಜಕ್ಕಪ್ಪ ಎಲ್ಲಿದ್ದರೂ ಸ್ಟೇಜಿಗೆ ಬರಬೇಕೆಂದು ಕೂಗತೊಡಗಿದರು.

ಉಜ್ವಲಾಳ ಮೈಯೆಲ್ಲ ಉರಿಯಿತು. ಸ್ಟೇಜಿನ ಬದಿಯಿಂದ ನುಗ್ಗಿ ಅವರ ಕೈಯಿಂದ ಮೈಕು ಕಿತ್ತುಕೊಂಡಳು.

"ಅವ ಪಾರ್ಟ ಮಾಡ್ಲಿಲ್ರಿ. ಮಗಳ ಮಾನ ಹೊಂಟಿತ್ತು, ಕರಕೊಂಡು ಹೋದ. ಆ ಹುಡುಗಿಗೆ ಮದಲನೇ ಪಾರ್ಟ ಕೊಡ್ತೀನಂತ ನಾ ಮಾತ ಕೊಟ್ಟಿದ್ದೆ. ನಮ್ಮ ಅತ್ತಿ ಅಕಿ ಕೈಯಾಗಿಂದ ಕೋಲ ಕಸಗೊಂಡ್ರು. ನೀವೆಲ್ಲಾ ನಕ್ಕೀರಿ. ನಾ ಸುಮ್ಮನ ನಿಂತೆ. ನಾಚಿಕಿ ಆಗಬೇಕು ನಮಗೆಲ್ಲಾ."

ಮೊದಲು ಯಾರೋ ಇಬ್ಬರು ಇದೂ ನಾಟಕವೆಂದು ನಕ್ಕರು. ಆಮೇಲೆ ಸಾಲಿನಿಂದ ಸಾಲಿಗೆ ನಗು ಸತ್ತಿತು. ರುಕ್ಮವ್ವ ಎದ್ದು ನಿಂತಳು. ಮುಖ ಕೆಂಡವಾಗಿತ್ತು. "ಊರ ಮುಂದ ನನ್ನ ಮಾರಿಗೆ ಮಸಿ ಹಚ್ಚಿದಿ. ಇನ್ನ ನಮ್ಮ ಹೊಸ್ತಿಲಾ ಹೆಂಗ ತುಳೀತಿ ನೋಡ್ತೇನಿ" ಎಂದು ಹೇಳಿ, ಸ್ನೇಹಲಳನ್ನು ಸ್ಟೇಜಿನಿಂದ ಇಳಿಸಿ, ರಟ್ಟೆ ಹಿಡಿದು ಎಳೆದುಕೊಂಡು ಹೊರಟಳು. ಸ್ನೇಹಲ ಅಳುತ್ತಿದ್ದಳು. ಉಜ್ವಲಾಳಿಗೆ ಹೆದರಿಕೆ ಆಗಲಿಲ್ಲ. ಎಷ್ಟೋ ವರ್ಷಗಳಿಂದ ಹೇಳದೆ ಉಳಿದದ್ದನ್ನು ಹೇಳಿದ ಮೇಲೆ ಮನಸ್ಸು ಹಗುರವಾಯಿತು. ಮೈಕು ಕೆಳಗಿಟ್ಟು ನೇರವಾಗಿ ಕುರಿ ತರುಬಿದ ಹೊಲಕ್ಕೆ ನಡೆದಳು. ಇನ್ನೂ ಬೆಳಕಿತ್ತು.

ಜಕ್ಕಪ್ಪ ಕುರಿಗಳ ಸುತ್ತ ಕಟ್ಟಿದ ಬಲೆಯ ಗೂಟಗಳನ್ನು ಕೀಳುತ್ತಿದ್ದ. ಮನಿಷಾ ಗಂಟುಮೂಟೆಗಳ ಮೇಲೆ ಆ ಕಡೆ ಮುಖ ಮಾಡಿ ಕೂತಿದ್ದಳು. ಟೀಚರ ಚಪ್ಪಲಿಯ ಸದ್ದು ಕೇಳಿದರೂ ತಿರುಗಲಿಲ್ಲ. ಸಕ್ಕುಬಾಯಿ ಒಬ್ಬಳೇ ಎದ್ದು ಎದುರಿಗೆ ಬಂದಳು. ಬಾ ಎನ್ನಲಿಲ್ಲ, ಕೂಡು ಎನ್ನಲಿಲ್ಲ.

"ಮೈಕಿನ್ಯಾಗ ಎಲ್ಲಾ ಕೇಳ್ತ್ರಿ ಅಕ್ಕೋರ" ಎಂದಳು. "ಇಲ್ಲಿತನಾ ಕೇಳ್ತು. ನನ್ನ ಮಗಳ ದನಿ ಬರ್ತೈತಿ ಅಂತ ಕಿವಿಗೊಟ್ಟು ಕುಂತಿದ್ದೆ. ಅಕಿದು ಒಂದ ಮಾತೂ ಬರ್ಲಿಲ್ಲ. ನಿಮ್ಮದು ಭಾಳ ಚಂದ ಕೇಳ್ತು."

"ಸಕ್ಕುಬಾಯಿ, ನಂದ ತಪ್ಪಾಗೇತಿ. ಅದಕ ಎಲ್ಲಾರ ಮುಂದ ಒಪ್ಪಿಕೊಂಡು ಬಂದೇನಿ."

"ಹೌದ್ರಿ, ಕೇಳ್ತು ಅಂದೆನಲ್ಲ." ಸಕ್ಕುಬಾಯಿ ಕೈಯಲ್ಲಿದ್ದ ಹಗ್ಗ ಸುತ್ತುತ್ತಲೇ ಇದ್ದಳು. "ಅವತ್ತ ಸಾಲ್ಯಾಗ ನನ್ನ ಮಗಳ ಕೈಯಾಗಿನ ಕೋಲ ಕಸಗೊಂಡಾಗ ಮೈಕ ಇರ್ಲಿಲ್ಲೇನ್ರಿ? ಅದಕ ನಿಮಗ ಮಾತ ಬರ್ಲಿಲ್ಲೇನ?"

ಸಕ್ಕುಬಾಯಿ ಉತ್ತರಕ್ಕೆ ಕಾಯದೆ, ಹಗ್ಗವನ್ನು ಗಂಟಿನೊಳಗೆ ತುರುಕಿ ಕುರಿಗಳ ಕಡೆ ನಡೆದಳು.